ಎಡ ಮೂಲೆಯ ಚಿತ್ರ

ಶನಿವಾರ, ಆಗಸ್ಟ್ 17, ಪಿಟ್ಸ್‌ಬರ್ಗ್

ಮಂಗಳವಾರ ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟ) ತಂಡದಿಂದ ಹಲವರನ್ನು ಕೈಬಿಡುತ್ತಾರೆ. ಹೊಸಬ ಒರಿನ್ ಟ್ಯಾಗರ್ಟ್ ಉಳಿಯುತ್ತಾನೋ ಇಲ್ಲವೋ ಎಂಬುದು ಬೆಳಗಿನಿಂದ ತಲೆ ಕೊರೆಯುತ್ತಿದೆ.

ಇವತ್ತಿನದು ಲೀಗ್ ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯ. ತಾರಾ ಆಟಗಾರರು ಹತ್ತು ನಿಮಿಷ ಆಡಿ, ಟೋಪಿ ಹಾಕಿಕೊಂಡು ಬೆಂಚಿಗೆ ಹೋದರು. ಅವರ ಚಿತ್ರ ಸಿಕ್ಕಿದ್ದೇ ತಡ, ಉಳಿದ ಛಾಯಾಗ್ರಾಹಕರೆಲ್ಲ ಊಟಕ್ಕೆ ಎದ್ದರು. ಮರ್ವಿನ್ ಹೋಗುತ್ತಾ ಕೆಣಕಿದ.

"ಏನಮ್ಮ ಲೊರೆಟ್ಟಾ, ಈ ಬಿಸಿಲಲ್ಲಿ ಯಾರಿಗೋಸ್ಕರ ಮಂಡಿ ಊರ್ಕೊಂಡು ಕೂತಿದ್ದೀಯ?"

"ನೀನು ಹೋಗಿ ತಿನ್ನಪ್ಪ, ನಂಗೆ ಕೆಲ್ಸ ಇದೆ."

ಬೆಳಗಿನ ಅಭ್ಯಾಸದಲ್ಲೇ ನೋಡಿಟ್ಟಿದ್ದೆ, ಒರಿನ್ ಚೆಂಡು ಹಿಡಿಯಲು ಯಾವಾಗಲೂ ಎಡಕ್ಕೇ ಹಾರುತ್ತಾನೆ. ಹಾಗಾಗಿ ಎಡ ಮೂಲೆಯಲ್ಲೇ ಕಾದೆ. ಇಪ್ಪತ್ತೆರಡು ವರ್ಷದ ಕಸುಬು, ಎಲ್ಲಿ ಕೂರಬೇಕೆಂದು ನನಗೆ ಗೊತ್ತು. ಕೊನೆಯ ನಿಮಿಷದಲ್ಲಿ ಚೆಂಡು ತೂರಿ ಬಂತು. ಅವನು ಹಾರಿ, ಒಂದೇ ಕೈಯಲ್ಲಿ ಹಿಡಿದು, ನನ್ನ ಮುಂದೆಯೇ ಬಿದ್ದ. ಎರಡೂ ಬೂಟಿನ ತುದಿ ಗೆರೆಯ ಒಳಗೆ ನೆಲಕ್ಕೆ ತಾಗಿದರೆ ಮಾತ್ರ ಹಿಡಿದದ್ದು ಲೆಕ್ಕಕ್ಕೆ; ತಾಗಿರುವುದು ಚಿತ್ರದಲ್ಲಿ ಸ್ಪಷ್ಟವಾಗಿದೆ. ನಾಳೆಯ ಮುಖಪುಟಕ್ಕೆ ಇದೇ ಎಂದು ಸಂಪಾದಕರು ಫೋನಿನಲ್ಲೇ ಕೂಗಿದರು.

ಹೊರಡುವಾಗ ಒರಿನ್ ಓಡಿ ಬಂದ. "ಮೇಡಂ, ಆ ಫೋಟೋನ ನಮ್ಮಮ್ಮಂಗೆ ಕಳಿಸ್ತೀರಾ? ಮಂಗಳವಾರ ನನ್ನ ತೆಗೆದ್ಹಾಕಿದ್ರೂ ಇದೊಂದು ಅವ್ರ ಹತ್ರ ಇರ್ಲಿ."

"ತೆಗೆಯಲ್ಲ ಕಣಪ್ಪ," ಎಂದುಬಿಟ್ಟೆ. ಹೇಳಲು ನಾನ್ಯಾರು? ಆದರೂ ನಂಬಿಯೇ ಹೇಳಿದೆ.

ಮನೆಗೆ ಬಂದೊಡನೆ ಚಿತ್ರ ಕಳಿಸಿದೆ, ಈಗಷ್ಟೇ ಆ ತಾಯಿಯ ಉತ್ತರ ಬಂತು. ಮಗ ಚೆಂಡು ಹಿಡಿದದ್ದರ ಬಗ್ಗೆ ಒಂದು ಮಾತೂ ಇಲ್ಲ.

"ತುಂಬಾ ಇಳಿದು ಹೋಗಿದ್ದಾನೆ. ಅಲ್ಲಿ ಊಟ ಸರಿಯಾಗಿ ಹಾಕ್ತಾರಾ?"