ಮೌನದ ಪಾಠಕ್ಕೆ ಆದಿತಾಳ

ಮಂಡ್ಯ, ೯-೨-೧೯೪೪

ಅತ್ತಿಗೆಗೆ ನಮಸ್ಕಾರ. ಇದನ್ನು ಅಣ್ಣನಿಗೆ ಓದಿ ಹೇಳಬೇಡಿ, ನೀವೊಬ್ಬರೇ ನಕ್ಕುಬಿಡಿ.

ಇವತ್ತು ಬೆಳಿಗ್ಗೆ ಮಾಂಟೆಸ್ಸೊರಿ ತರಬೇತಿಯ ಕೊನೆಯ ಪರೀಕ್ಷೆ. ಇದರಲ್ಲಿ ತಪ್ಪಿದರೆ ಸರ್ಟಿಫಿಕೇಟೂ ಇಲ್ಲ, ನಮ್ಮ ಜಗಲಿಯಲ್ಲಿ ಶಾಲೆಯೂ ಇಲ್ಲ. ಆದರೂ ನಿನ್ನೆ ಸಂಜೆ, ನನ್ನ ಜೊತೆ ಕಲಿಯುತ್ತಿರುವ ಕೊಪ್ಪದ ಮಂಗಳಮ್ಮ, "ಪುಸ್ತಕ ಎಲ್ಗೂ ಓಡೋಗಕ್ಕಿಲ್ಲ, ಎದ್ದು ಬಾ ಕಣಮ್ಮ" ಎಂದು ಮದ್ದೂರಿನ ವೀಣೆ ಕಚೇರಿಗೆ ಎಳೆದುಕೊಂಡು ಹೋದಳು. ನಲವತ್ತು ದಾಟಿದ ನಾನು ಹೀಗೆ ಮಾಡಬಹುದೆ ಎಂದು ರೈಲಿನಲ್ಲಿ ಯೋಚಿಸಿದೆ. ವೀಣೆ ಶುರುವಾದ ಮೇಲೆ ಯೋಚಿಸಲಿಲ್ಲ.

ಪರೀಕ್ಷೆಯಲ್ಲಿ ನನಗೆ ಬಂದದ್ದು ಮೌನದ ಪಾಠ. ಟೀಚರು ಅಲ್ಲಾಡದೆ ಕೂರಬೇಕು, ಮಕ್ಕಳು ಅವಳನ್ನು ನೋಡಿ ಹಾಗೆಯೇ ಕೂರಬೇಕು. ಕೂತೆವು. ಗೋಡೆಯ ಹಲ್ಲಿ ಲೊಚಗುಟ್ಟಿದ್ದೂ ಕೇಳಿಸಿತು. ಆಗ ನೋಡುತ್ತೇನೆ, ಮಕ್ಕಳೆಲ್ಲ ಸದ್ದಿಲ್ಲದೆ ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದಾರೆ! ಪರೀಕ್ಷಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು "ಇದೇನು?" ಎಂದರು. ಐದು ವರ್ಷದ ಚಿಕ್ಕಮಾದಮ್ಮ ಹೇಳಿಯೇಬಿಟ್ಟಳು: "ಟೀಚರಮ್ಮನ ಕೈ ಅಂಗೇ ಆಡ್ತಿತ್ತು, ನಾವೂ ಅಂಗೇ ಮಾಡ್ದೊ." ನಿನ್ನೆಯ ಕಚೇರಿ ನನ್ನ ಬಲಗೈಯಿಂದ ಇನ್ನೂ ಇಳಿದಿರಲಿಲ್ಲ, ಅತ್ತಿಗೆ. ನನಗೇ ಗೊತ್ತಾಗಿರಲಿಲ್ಲ.

ಆದರೂ ಪಾಸು! ಒಂದು ಮಗುವೂ ಸದ್ದು ಮಾಡಲಿಲ್ಲವಲ್ಲ ಎಂದರು ಪರೀಕ್ಷಕಿ.

ಕೆಮ್ಮು ಹೋಗಿದೆ, ಊಟ ಸೇರುತ್ತಿದೆ. ಹಸಿರಂಚಿನ ಸೀರೆಯನ್ನು ಬೇಗ ಪಾರ್ಸೆಲ್ ಮಾಡಿ. ಶನಿವಾರ ಮಳವಳ್ಳಿಯಲ್ಲಿ ಕೊಳಲು ಕಚೇರಿ ಇದೆ. ಬಸ್ಸಿನಲ್ಲಿ ಪರೀಕ್ಷಕಿಗೂ ಒಂದು ಜಾಗ ಹಿಡಿಯಬೇಕಂತೆ.

ನಿಮ್ಮ ನಾದಿನಿ,
ಅಲಮೇಲು