ಮಹಡಿಯ ಮೇಲಿನ ದಾರ

ನಿನ್ನ ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಅಕ್ಕಾ,

ಬೆನ್ನುನೋವು ಹೇಗಿದೆ? ತರಬೇತಿಯ ಹಾಸ್ಟೆಲಿನಲ್ಲಿ ಆ ಕಲ್ಲಿನಂಥ ದಿಂಬು ಬದಲಾಯಿಸಿಕೊಟ್ಟರೇ? ಇಲ್ಲಿ ಎಲ್ಲರೂ ಕ್ಷೇಮ. ಇವತ್ತು ಬೆಳಗ್ಗೆ ಭಾವನ ಷೂ ಮೇಲೆ ಮೇಣದ ಹನಿಯೊಂದು ಗಟ್ಟಿಯಾಗಿ ಕೂತಿದ್ದು ಕಂಡೆ. ಕೆರೆಯಲು ಹೋದರೆ ಅವರು ಬಿಡಲಿಲ್ಲ. ಆಫೀಸಿನಲ್ಲಿ ಯಾರಾದರೂ ನೋಡಿ ಕೇಳಲಿ ಎಂಬ ಆಸೆ.

ನಾಳೆ ನಮ್ಮ ಗುಬ್ಬಿಯ ಶಾಲೆಯಲ್ಲಿ ಮೇಣದಬತ್ತಿಯ ಶಾಖಕ್ಕೆ ಏರುವ ಬಲೂನಿನ ಸ್ಪರ್ಧೆ. ನಿನ್ನ ಮಗಳು ತನ್ನದನ್ನು ಹೋದ ವಾರವೇ ಮಾಡಿಟ್ಟಿದ್ದಳು: ಲಾಂಡ್ರಿಯವರು ಬಟ್ಟೆಗೆ ಹೊದಿಸಿ ಕೊಡುವ ತೆಳು ಪ್ಲಾಸ್ಟಿಕ್ ಕವರು, ಅದರ ಬಾಯಿಗೆ ಅಡ್ಡಡ್ಡ ಸ್ಟ್ರಾ, ಸ್ಟ್ರಾ ಮೇಲೆ ಕೇಕಿಗೆ ಚುಚ್ಚುವ ಪುಟ್ಟ ಮೇಣದಬತ್ತಿಗಳು. ನಾನು ತುದಿ ಹಿಡಿದು ನಿಂತೆ. ಕವರು ಮೆಲ್ಲಗೆ ಉಬ್ಬಿ, ನನ್ನ ಬೆರಳಿಂದ ಜಾರಿ, ಅಡುಗೆಮನೆಯ ಸೂರು ಮುಟ್ಟಿತು. ಗುಬ್ಬಿ ಚಪ್ಪಾಳೆ ತಟ್ಟಲಿಲ್ಲ ಅಕ್ಕಾ, ಉಸಿರಿಗೆ ಬತ್ತಿ ಆರೀತೆಂದು ಬಾಯಿ ಮುಚ್ಚಿಕೊಂಡಳು.

ಭಾವ ಬಂದವರೇ, 'ಏನಿದು, ಕಸದ ಚೀಲ? ನನ್ನ ಮರ್ಯಾದೆ ಏನಾಗ್ಬೇಕು!' ಎಂದರು. ಚಿನ್ನದ ಬಣ್ಣದ ದಪ್ಪ ಕಾಗದ ಬಂತು, ತಂತಿ ಬಂತು, ಮಣಿಕಟ್ಟಿನಷ್ಟು ದಪ್ಪದ ಮೇಣದಬತ್ತಿಗಳು ಬಂದವು. ಭಾರವಾಗುವುದಿಲ್ಲವೇ ಎಂದೆ. 'ಕಥೆ ಕವನ ಓದಿದೋಳಿಗೆ ಇದೆಲ್ಲ ಗೊತ್ತಾಗಲ್ಲಮ್ಮ. ಬೆಂಕಿ ಜಾಸ್ತಿ ಇದ್ರೆ ತಾನೇ ಏರೋದು!' ಏರಲಿಲ್ಲ. ತಪ್ಪು ಮೊದಲು ಫ್ಯಾನಿನದಾಯಿತು, ಆಮೇಲೆ ಅಂಗಡಿಯವನದು, ಕೊನೆಗೆ ಮಗಳದು: 'ನೀನು ಹತ್ರ ನಿಂತು ಉಸಿರು ಬಿಡ್ತೀಯಲ್ಲ, ಅದಕ್ಕೇ!' ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನ್ನ ಯಜಮಾನರಿಗೆ ಗಾಳಿಯೇ ಡೊಂಕು.

ಈಗ ಹೊಸ ಉಪಾಯ. ಬಲೂನಿನ ನೆತ್ತಿಗೆ ಕಣ್ಣಿಗೆ ಕಾಣದಂಥ ಗಾಳದ ದಾರ. ಶಾಲೆಯ ಮಹಡಿಯ ಮೇಲೆ ನಿಂತು ಅದನ್ನು ಎಳೆಯಬೇಕಾದವಳು ನಾನು. 'ನೀನಾದ್ರೆ ಸರಿ. ನೀನು ಎಲ್ಲಿ ನಿಂತ್ರೂ ಯಾರಿಗೂ ಕಾಣಲ್ಲ.' ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು. ಎಂದಿನಂತೆ ತಲೆಯಾಡಿಸಿದೆ. ಗುಬ್ಬಿ ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು: 'ಚಿಕ್ಕೀ, ಗೆದ್ರೆ ನಾನು ಸ್ಟೇಜ್ ಮೇಲೆ ಹೋಗ್ಲೇಬೇಕಾ?'

ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ. ನಿನ್ನ ಗಂಡನ ಬಗ್ಗೆ ಹೀಗೆ ಬರೆದೆನೆಂದು ಬೇಕಾದರೆ ಬಂದಮೇಲೆ ಬೈಯಿ.

ನಿನ್ನ ತಂಗಿ

ಮತ್ತೆ, ಹೇಳಲು ಮರೆತೆ: ಲಾಂಡ್ರಿ ಕವರನ್ನು ಮಡಚಿ, ಸ್ಟ್ರಾ, ಬತ್ತಿ ಸಮೇತ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ನಾಳೆ ಮೈದಾನದ ನಡುವೆ, ಎಲ್ಲರಿಗೂ ಕಾಣುವಂತೆ, ಗುಬ್ಬಿಯ ಪಕ್ಕ ಅದರ ತುದಿ ಹಿಡಿದು ನಿಲ್ಲುತ್ತೇನೆ. ಭಾವ ಬತ್ತಿ ಹಚ್ಚಿ, ತಲೆಯೆತ್ತಿ ಸನ್ನೆ ಮಾಡುವಾಗ ಮಹಡಿಯ ಮೇಲೆ ಯಾರೂ ಇರುವುದಿಲ್ಲ.