ಸುಲೋಚನಜ್ಜಿಯ ಎಂಚಿಲಾಡಾಕ್ಕೆ ರುಚಿಗೆ ತಕ್ಕಷ್ಟು ಉಪ್ಪು

ದಾವಣಗೆರೆ, ನೆಲದಡಿಯ ಮೂರನೇ ಅಂತಸ್ತು
ಫೆಬ್ರುವರಿ ೩೦, ೨೪೧೯

ಪೂಜ್ಯ ಸುಲೋಚನಜ್ಜಿಯವರಿಗೆ, ಹದಿನಾಲ್ಕು ತಲೆಮಾರು ಕೆಳಗಿನ ಮೊಮ್ಮಗಳು ಹೊನ್ನಿಯ ನಮಸ್ಕಾರಗಳು. ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರುವರಿಗೂ ಈಗ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಧ್ವನಿಯಿಂದ. ಮೆಕ್ಸಿಕೋದವರ ಎಂಚಿಲಾಡಾ ಮಾಡುತ್ತ ಫೋನಿನ ವಿಡಿಯೊ ಕರೆಯಲ್ಲಿ ತಂಗಿಗೆ ಹೇಳಿಕೊಟ್ಟಿರಲ್ಲ, ಆ ಧ್ವನಿ ನಮ್ಮವರೆಗೂ ಉಳಿದು ಬಂದಿದೆ. ಚಿತ್ರ ಮಾತ್ರ ಅಳಿಸಿಹೋಗಿದೆ.

ನಮ್ಮಲ್ಲಿ ಅಡುಗೆ ಮಾಡುವುದು ಉಣಿಸುಪೆಟ್ಟಿಗೆ. ಗೋಡೆಯೊಳಗಿನ ಆ ಯಂತ್ರ ಎಲ್ಲವನ್ನೂ ತೂಗಿ ತಟ್ಟೆಗೆ ಇಳಿಸುತ್ತದೆ, ನಾವು ತಿನ್ನುತ್ತೇವೆ. ಬೆಂಕಿ ಹೊತ್ತಿಸುವಂತಿಲ್ಲ. ವರ್ಷಕ್ಕೊಮ್ಮೆ ಕಿಚ್ಚುದಿನದಂದು ಮಾತ್ರ ಮನೆಗೊಂದು ಒಲೆ ಸಿಗುತ್ತದೆ. ಅಂದು ಯಾರ ಅಡುಗೆ ಗೆಲ್ಲುತ್ತದೋ ಮುಂದಿನ ವರ್ಷ ಒಲೆ ಹೊತ್ತಿಸುವ ಹಕ್ಕು ಅವರೊಬ್ಬರದೇ. ಉಳಿದ ದಿನಗಳಲ್ಲಿ ನಮಗಿರುವುದು ಹೊಟ್ಟೆಕಿಚ್ಚೊಂದೇ, ಅದನ್ನು ಯಾವ ಕಾನೂನೂ ಆರಿಸಿಲ್ಲ.

ಅದರಲ್ಲಿ ಅರ್ಧ ನಿಮ್ಮ ಮೇಲೆ. ನೀವು ಯಾವುದೋ ಮಂಗಳವಾರ, ಬೇಜಾರಾಯಿತೆಂದು, ಎಣ್ಣೆಯಲ್ಲಿ ಮೈದಾ ಹುರಿದು, ಬ್ಯಾಡಗಿ ಮೆಣಸಿನ ಪುಡಿ, ಜೀರಿಗೆ, ಬೆಳ್ಳುಳ್ಳಿ ಹಾಕಿ ಕೆಂಪು ಗ್ರೇವಿ ಕುದಿಸಿದಿರಿ. ಮೆಕ್ಕೆಜೋಳದ ತೆಳು ರೊಟ್ಟಿಗಳನ್ನು ಬಿಸಿ ಎಣ್ಣೆಯಲ್ಲಿ ಅದ್ದಿ, ಚೀಸು ಈರುಳ್ಳಿ ತುಂಬಿ ಸುತ್ತಿ, ಮೇಲೆ ಆ ಗ್ರೇವಿ ಹೊಯ್ದಿರಿ. ಒಂದು ರೊಟ್ಟಿ ಹರಿದಾಗ “ಹೋಗ್ಲಿ ಬಿಡು, ಇನ್ನೊಂದು ತಗಂತೀನಿ” ಅಂದಿರಿ. ಆ “ಇನ್ನೊಂದು” ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಉಳಿದರ್ಧ ಓರಗಿತ್ತಿ ತಾರಿಣಿಯ ಮೇಲೆ. ಈ ಸಲ ಇಬ್ಬರೂ ಎಂಚಿಲಾಡಾವನ್ನೇ ಮಾಡಬೇಕೆಂದು ಅತ್ತೆಯ ಅಪ್ಪಣೆಯಾಯಿತು. ಧ್ವನಿ ನನ್ನ ತವರಿನದು, ಅಜ್ಜಿ ನನ್ನವರು, ಒಲೆಯೂ ನನ್ನದೇ ಎಂದು ಬೀಗಿದ್ದೆ. ನೀವೋ “ಉಪ್ಪು ರುಚಿಗೆ ತಕ್ಕಷ್ಟು” ಎಂದಷ್ಟೇ ಹೇಳಿದಿರಿ. ಪೆಟ್ಟಿಗೆಯ ಊಟ ತಿಂದು ಬೆಳೆದವಳಿಗೆ ಅದು ಹೇಗೆ ತಿಳಿಯಬೇಕು? ರುಚಿ ಹೆಚ್ಚಿದ್ದಷ್ಟೂ ಉಪ್ಪು ಹೆಚ್ಚು ಎಂದು ಅರ್ಥ ಮಾಡಿಕೊಂಡೆ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯೂ ನನ್ನ ಪರವಾಗಿಯೇ ಇತ್ತು. ಗ್ರೇವಿಯ ಘಮಕ್ಕೆ ಬಾಯಲ್ಲಿ ನೀರೂರುತ್ತಿತ್ತು. ಇಂಥ ರುಚಿಗೆ ತಕ್ಕಷ್ಟು ಎಂದರೆ ಸಣ್ಣ ಮಾತೇ? ಬೊಗಸೆ ತುಂಬ ಸುರಿದೆ.

ಅತ್ತೆ ಒಂದು ತುತ್ತು ಬಾಯಿಗಿಟ್ಟು, “ಏನವ್ವಾ, ಸಮುದ್ರಾನೇ ಸುರುಳಿ ಸುತ್ತಿ ಇಟ್ಟೀಯಲ್ಲ!” ಅಂದರು. ತಾರಿಣಿಯದನ್ನು ತಟ್ಟೆ ಬಳಿದು ತಿಂದರು.

ನಿಮ್ಮ ಆ ಮಾತಿನ ನಂತರ “ಚಪ್” ಎಂಬ ಸಣ್ಣ ಸದ್ದಿದೆ, ಬಳಿಕ ಒಂದು “ಹ್ಞಾಂ”. ಚಿಕ್ಕಂದಿನಿಂದ ಕೇಳಿದ ನಾನು ಅದನ್ನು ಧ್ವನಿಯ ದೋಷವೆಂದೇ ತಿಳಿದಿದ್ದೆ. ತಾರಿಣಿ ಒಮ್ಮೆ ಕೇಳಿದವಳೇ ಅದು ನೆಕ್ಕಿದ ಸದ್ದೆಂದು ಅರಿತು ಅಂಗೈ ಮೇಲೆ ಒಂದು ತೊಟ್ಟು ಗ್ರೇವಿ ಬಿಟ್ಟುಕೊಂಡು ನೆಕ್ಕಿದಳು. ಬಡಿಸುವ ಮುಂಚೆ ರುಚಿ ನೋಡುವುದುಂಟು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ರಕ್ತ ನನಗೆ ಬಂತು, ನಾಲಿಗೆ ಅವಳಿಗೆ ಹೋಯಿತು. ಈಗ ಒಲೆಯೂ ಹೋಯಿತು.

ಈ ಪತ್ರ ಆ ಮಂಗಳವಾರಕ್ಕೆ ಮುಂಚೆ ನಿಮ್ಮ ಕೈಸೇರಿದರೆ ಒಂದು ಕೋರಿಕೆ. ಉಪ್ಪಿನ ಅಳತೆ ಬೇಡ, ಅದು ಈಗ ನನಗೂ ಗೊತ್ತು. ಅಂಗೈ ನೆಕ್ಕುವ ಮುನ್ನ ಒಮ್ಮೆ “ಹೊನ್ನಿ” ಅನ್ನಿ. ಅದ್ಯಾರೆಂದು ತಂಗಿ ಕೇಳಿದರೆ ಏನಾದರೂ ಹೇಳಿ ತೇಲಿಸಿಬಿಡಿ. ಮುಂದಿನ ಕಿಚ್ಚುದಿನ ತಾರಿಣಿ ಒಲೆ ಹೊತ್ತಿಸಿ ನಿಮ್ಮ ಧ್ವನಿ ಹಾಕುತ್ತಾಳೆ. ಅವಳಿಗೆ ಕೇಳಿಸಲಿ.